ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವವರಿಗೆ

ಮೋಡಗಳ ಮೇಲಣ ಸೂರ್ಯೋದಯವನ್ನು ಕಾಣಬೇಕೆಂದು ನಸುಕಿನಲ್ಲಿ ನಮ್ಮೊಡನೆ ಸ್ಕಂದಗಿರಿಯ ಬುಡದ ಕಳವಾರದವರೆಗೆ ಬಂದು, ಮನೆಯ ಬೀಗ ಬಿದ್ದಿದೆಯೋ ಇಲ್ಲವೋ ಎಂಬ ಶಂಕೆಯಿಂದ ಚಿಕ್ಕಬಳ್ಳಾಪುರಕ್ಕೆ ಹಿಂದಿರುಗಿಬಿಡುತ್ತಿದ್ದ ಮಿತ್ರರೊಬ್ಬರನ್ನು ನಾನು ಬಲ್ಲೆ. ಬೀಗವನ್ನು ಎಳೆದೆಳೆದು ಅವರ ಹೆಬ್ಬೆರಳು ಜಡ್ಡುಗಟ್ಟಿತ್ತು. ಇಂಥದನ್ನು ಜನರು ಮರೆವೆಂದೂ, ಕೈ ಬಿರಿಯುವವರೆಗೆ ತೊಳೆಯುವ ಗೃಹಿಣಿಯಲ್ಲಾದರೆ ಮಡಿಯೆಂದೂ ಕರೆದು ಸುಮ್ಮನಾಗುತ್ತಾರೆ. ಆದರೆ ಇದು ಗೀಳು ಎಂಬ ಮನೋವ್ಯಾಧಿ: ಮಡಿಗೊಂದು ಮುಕ್ತಾಯವುಂಟು, ಗೀಳಿಗೆ ಅದಿಲ್ಲ.

ಆದುದರಿಂದ ಸಂಕೋಚವನ್ನು ತೊರೆದು ಮನೋವೈದ್ಯರನ್ನು ಕಾಣಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಆರಂಭಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವ್ಯಾಧಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಪ್ರಯಾಣ ದುಸ್ತರವಾದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಹಾಯವಾಣಿ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಔಷಧದ ಪೂರ್ಣಫಲ ತಿಳಿಯಲು 8ರಿಂದ 12 ವಾರಗಳು ಹಿಡಿಯುವುದರಿಂದ, ಎರಡು ವಾರಕ್ಕೇ ಬೇಸತ್ತು ಮಾತ್ರೆ ಬಿಡತಕ್ಕದ್ದಲ್ಲ. ಅದರೊಡನೆ ಅಭ್ಯಾಸವೂ ಉಂಟು: ಚಿಕಿತ್ಸಕರ ಮಾರ್ಗದರ್ಶನದಲ್ಲಿ, ಬೀಗವನ್ನು ಒಮ್ಮೆ ಹಾಕಿ, ಎಳೆದು ನೋಡದೆ ನಡೆದು, ಏರಿದ ಆತಂಕವು ತಾನಾಗಿಯೇ ಇಳಿಯುವವರೆಗೆ ಕಾಯುವುದು. ಮನೆಯವರು "ನಾನೇ ನೋಡಿದೆ, ಹಾಕಿದೆ" ಎಂದು ಹತ್ತು ಸಲ ಅಭಯವೀಯುವುದು, ಪ್ರೀತಿಯಿಂದಲೇ ಆದರೂ, ಗೀಳಿಗೆ ಉಣಬಡಿಸಿದಂತೆ.

ನಮ್ಮ ಮಿತ್ರರು ಕಳೆದ ಮಾಗಿಯಲ್ಲಿ ಬೆಟ್ಟದ ಮೇಲಣ ಕೋಟೆಯ ಕಲ್ಲುಗಳವರೆಗೂ ಏರಿದರು. ದಾರಿಯುದ್ದಕ್ಕೂ ಬೆರಳು ಜೇಬಿನೊಳಗಿನ ಬೀಗದಕೈಯನ್ನು ತಡವುತ್ತಲೇ ಇತ್ತು, ಆದರೂ ಹಿಂದಿರುಗಲಿಲ್ಲ.