ಎರಡನೇ ಪಿಎಚ್.ಡಿ.ಗೆ ಹೊರಟವಳಿಗೆ

ತಂಗೀ, ಸಸ್ಯಶಾಸ್ತ್ರದ ಪಿಎಚ್.ಡಿ. ಕೈಗೆ ಬಂದ ಬೆನ್ನಿಗೇ ಪರಿಸರವಿಜ್ಞಾನದಲ್ಲಿ ಇನ್ನೊಂದು ಮಾಡುತ್ತೇನೆ, ಅದೂ ಹೊರದೇಶದಲ್ಲಿ, ಅನ್ನುತ್ತಿದ್ದೀಯ. ಮನೆಯಲ್ಲಿ "ಇಷ್ಟು ಓದಿದ್ದು ಸಾಲದಾ" ಅಂದರಂತೆ. ನನ್ನ ತಕರಾರು ಅದಲ್ಲ. ಓದು ಯಾರಿಗೂ ಯಾವತ್ತೂ ಸಾಲುವುದಿಲ್ಲ. ಆದರೆ ನಿನಗೀಗ ಬೇಕಾಗಿರುವುದು ಪದವಿಯೋ ಕೆಲಸ ಕಲಿಯುವ ಜಾಗವೋ? ಅದನ್ನು ಬಿಡಿಸಿ ನೋಡದೆ ಅರ್ಜಿ ಹಾಕಬೇಡ.

ನೀನು ಕಳಿಸಿದ ಎರಡು ಪುಟದ ಸಂಶೋಧನಾ ಪ್ರಸ್ತಾವ ಓದಿದೆ. ಮೊದಲ ಪುಟ ಪೂರ್ತಿ ನೀನು ಸೇರಬೇಕೆಂದಿರುವ ಲ್ಯಾಬಿನ ಹೊಗಳಿಕೆ. ನಿನ್ನ ಪ್ರಶ್ನೆ ಬರುವುದು ಎರಡನೇ ಪುಟದ ನಡುವೆ, ಓದುವವರಿಗೆ ಸಾಕಾಗಿಹೋದ ಮೇಲೆ. ಉಪ್ಪಾಗೆಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಕಾಡು ತುಂಡು ತುಂಡಾಗಿ ಗಂಡುಮರ ದೂರವಾದ ಕಡೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆಯೇ? ಪರಾಗ ಎಷ್ಟು ದೂರದಿಂದ ಬರುತ್ತದೆ? ಒಳ್ಳೇ ಪ್ರಶ್ನೆ. ಉಪ್ಪಾಗೆ ಸೇರುವ ಗಾರ್ಸೀನಿಯಾ ಕುಲದ ಎಲೆ, ಹೂವು, ಕಟ್ಟಿಗೆಯನ್ನು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವಳಿಗೆ ಹೊಳೆಯುವಂಥದ್ದು. ಮಳೆಗಾಲದಲ್ಲಿ ಉಪ್ಪಾಗೆ ಸಿಪ್ಪೆಯನ್ನು ಹೊಗೆ ಹಾಕಿ ಒಣಗಿಸಿ ಮಾರುವ ಶಿರಸಿ ಕಡೆಯ ಮನೆಗಳಿಗೂ ಇದರ ಉತ್ತರ ಬೇಕು. ಆ ಬರಹ ಇದರಿಂದಲೇ ಶುರುವಾಗಲಿ. ಹೊಗಳಿಕೆ ಅಳಿಸಿಹಾಕು, ಅವರಿಗೆ ಅದೇನೂ ಹೊಸದಲ್ಲ.

ಈ ಪ್ರಶ್ನೆಯ ಬೆನ್ನುಹತ್ತಲು ನಿನ್ನ ಹತ್ತಿರ ಏನಿಲ್ಲ? ಯಾವ ಮರ ಆರಿಸಬೇಕು, ಎಷ್ಟು ಆರಿಸಬೇಕು ಎಂದು ಮೊದಲೇ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರ. ಬೀಜದ ಡಿಎನ್ಎಯನ್ನು ಸುತ್ತಲಿನ ಗಂಡುಮರಗಳ ಡಿಎನ್ಎ ಜೊತೆ ಹೋಲಿಸಿ ಅದರ ಅಪ್ಪ ಯಾರೆಂದು ಪತ್ತೆ ಮಾಡುವ ತಂತ್ರ. ಎರಡೇ. ತಿಳಿದವರ ಪಕ್ಕದಲ್ಲಿ ಕೂತರೆ ಒಂದೆರಡು ವರ್ಷದಲ್ಲಿ ಕೈಗೆ ಹತ್ತುತ್ತದೆ. ಹಾಗೆ ಕೂರುವುದಕ್ಕೇ ಪೋಸ್ಟ್‌ಡಾಕ್ ಎಂಬ ವ್ಯವಸ್ಥೆ ಇರುವುದು. ಅದಕ್ಕೋಸ್ಕರ ಮತ್ತೆ ನಾಲ್ಕೈದು ವರ್ಷ ವಿದ್ಯಾರ್ಥಿನಿಯಾಗಿ, ಮತ್ತೊಮ್ಮೆ ಕೋರ್ಸ್‌ವರ್ಕು, ಮತ್ತೊಮ್ಮೆ ವೈವಾ ಯಾಕೆ?

ನೀನು ಬೇಕೆಂದರೂ ಬಾಗಿಲು ತೆರೆಯದ ಕಡೆಗಳಿವೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಡಾಕ್ಟರೇಟನ್ನು ಕಸುಬಿನ ಸರ್ಟಿಫಿಕೇಟ್ ಎಂದು ನೋಡುವುದಿಲ್ಲ. ಸಂಶೋಧನೆ ಮಾಡಲು ಕಲಿತಿದ್ದಾರೆ ಎನ್ನುವುದಕ್ಕೆ ಅದು ಸಾಕ್ಷಿ, ಒಮ್ಮೆ ಕಲಿತವರು ಹತ್ತಿರದ ವಿಷಯಕ್ಕೆ ತಾವೇ ದಾಟಿಕೊಳ್ಳಬಲ್ಲರು ಎನ್ನುವುದು ಅವರ ವಾದ. ಎರಡನೆಯದಕ್ಕೆ ಸೇರಿಸಿಕೊಳ್ಳುವುದಾದರೆ ಕ್ಷೇತ್ರ ತೀರಾ ಬೇರೆಯಾಗಿರಬೇಕು. ಸಸ್ಯಶಾಸ್ತ್ರದಿಂದ ಪರಿಸರವಿಜ್ಞಾನ ಎಂದರೆ ಅವರ ಕಣ್ಣಿಗೆ ಪಕ್ಕದ ಮನೆ. ಯುರೋಪಿನಲ್ಲಿ ಮೇರಿ ಕ್ಯೂರಿ ಹೆಸರಿನ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗಳಿವೆಯಲ್ಲ, ಆಗಲೇ ಡಾಕ್ಟರೇಟ್ ಇದ್ದವರಿಗೆ ಅವು ಇಲ್ಲವೇ ಇಲ್ಲ. ಆದರೆ ಅದೇ ಯೋಜನೆಯ ಪೋಸ್ಟ್‌ಡಾಕ್ ಫೆಲೋಶಿಪ್ಪಿಗೆ ಡಾಕ್ಟರೇಟ್ ಇರಲೇಬೇಕು, ಪದವಿ ಬಂದ ಮೇಲಿನ ಸಂಶೋಧನೆಯ ಅನುಭವ 8 ವರ್ಷ ದಾಟಿರಬಾರದು. ಜಪಾನಿನ ಜೆಎಸ್‌ಪಿಎಸ್ ಪೋಸ್ಟ್‌ಡಾಕ್ ಫೆಲೋಶಿಪ್ಪಿಗೆ ಪದವಿ ಬಂದು 6 ವರ್ಷ ದಾಟಿರಬಾರದು. ಈ ಗಡಿಯಾರ ಆಗಲೇ ಓಡಲು ಶುರುಮಾಡಿದೆ. ಎರಡನೇ ಪದವಿ ಬಂತೆಂದು ಎಲ್ಲರೂ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಕೊಡುವುದಿಲ್ಲ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ಲಂತೂ ಮೊದಲ ಪಿಎಚ್.ಡಿ.ಯಿಂದಲೇ ಎಣಿಸುತ್ತದೆ.

ತಿರುಗಿ ಬಂದು ಇಲ್ಲೇ ಪಾಠ ಮಾಡುವ ಆಸೆಯಿದ್ದರೆ ಯುಜಿಸಿಯ 2018ರ ನಿಯಮಾವಳಿ ತೆಗೆದು ನೋಡು. ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಪ್ರೊಫೆಸರ್ ಸಂದರ್ಶನಕ್ಕೆ ಪಟ್ಟಿ ಮಾಡುವಾಗ ಪಿಎಚ್.ಡಿ.ಗೆ 30 ಅಂಕ. ಎರಡನೆಯದಕ್ಕೆ ಕಾಲಮ್ಮೇ ಇಲ್ಲ. ಪೋಸ್ಟ್‌ಡಾಕ್ ಅನುಭವಕ್ಕೋ, ವರ್ಷಕ್ಕೆ 2ರಂತೆ 10ರ ತನಕ ಅಂಕ ಕೊಟ್ಟಿದ್ದಾರೆ. ಜರ್ಮನಿಯಲ್ಲಿ ಎರಡು ಡಾಕ್ಟರೇಟ್ ಇದ್ದವರ ಹೆಸರಿನ ಹಿಂದೆ "ಡಾ. ಡಾ." ಎಂದು ಬರೆಯುವ ಪದ್ಧತಿಯಿದೆ, ನಿಜ. ನಮ್ಮೂರ ಆಮಂತ್ರಣ ಪತ್ರಿಕೆಯಲ್ಲಿ ಹಾಗೆ ಬಂದರೆ ಪ್ರೆಸ್ಸಿನವನಿಗೆ ಬೈಗುಳ ಬೀಳುತ್ತದೆ.

ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನಿನಗೆ ಗೊತ್ತು. ಮೈಸೂರು ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದ ಮೇಲೆ ಅವರು ಹಾರ್ವರ್ಡಿಗೆ ಹೋದದ್ದು ಇನ್ನೊಂದು ಪದವಿಗಲ್ಲ, ಇರ್ವಿಂಗ್ ಬೇಯ್ಲಿಯವರ ಜೊತೆ ಕೆಲಸ ಮಾಡಲು. ಹೂಬಿಡುವ ಸಸ್ಯಗಳಲ್ಲಿ ಅಂಡಕೋಶದ ಎಲೆ ಮೊದಲು ಹೇಗೆ ಮಡಚಿಕೊಂಡಿತ್ತು ಎಂಬ ಬಗ್ಗೆ ಇಬ್ಬರೂ ಸೇರಿ 1951ರಲ್ಲಿ ಬರೆದ ಪ್ರಬಂಧದಲ್ಲಿ ಬೇಯ್ಲಿ ಮತ್ತು ಸ್ವಾಮಿ ಎಂದು ಹೆಸರು ಅಕ್ಕಪಕ್ಕ ಇದೆ. ಅದು ಗುರು ಮತ್ತು ವಿದ್ಯಾರ್ಥಿಯ ಲೆಕ್ಕವಲ್ಲ, ಜೊತೆಗಾರರ ಲೆಕ್ಕ. ನಿನಗೂ ಅಂಥ ಜಾಗವೇ ಸಿಗಲಿ ಎಂದು ನನ್ನ ಆಸೆ.

ಹಾಗಾದರೆ ಎರಡನೆಯದು ಯಾರಿಗೂ ಬೇಡವೇ? "ಅಂಬೇಡ್ಕರರು ಮಾಡಲಿಲ್ಲವೇ" ಎಂದು ನೀನು ಕೇಳಿಯೇ ಕೇಳುತ್ತೀಯ. ಮಾಡಿದರು, ಹತ್ತಿರದ ವಿಷಯದಲ್ಲೇ ಮಾಡಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ರೂಪಾಯಿಯ ಸಮಸ್ಯೆ. ಆದರೆ ಅದರ ರೀತಿ ನೋಡು. ಮೊದಲನೆಯದು ಸಾಲಲಿಲ್ಲವೆಂದು ಎರಡನೆಯದಕ್ಕೆ ಹೋದದ್ದಲ್ಲ. ಲಂಡನ್ನಿನಲ್ಲಿ ಓದು ಶುರುಮಾಡಿದ್ದು 1916ರಲ್ಲೇ. ಬರೋಡದ ವಿದ್ಯಾರ್ಥಿವೇತನದ ಅವಧಿ ತೀರಿ ನಡುವೆ ಬಿಟ್ಟು ಬಂದರು, ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಕೂಡಿಟ್ಟು 1920ರಲ್ಲಿ ತಿರುಗಿ ಹೋದರು. ಪರೀಕ್ಷಕರು ಒಪ್ಪದೆ ತಿದ್ದಿಸಿದ ಮೇಲೆ 1923ರಲ್ಲಿ ಡಿ.ಎಸ್ಸಿ. ಬಂತು. ಕೊಲಂಬಿಯಾದ ಪ್ರಬಂಧ ಅಚ್ಚಾದದ್ದು 1925ರಲ್ಲಿ, ಅಲ್ಲಿನ ಪದವಿ ಕೈಸೇರಿದ್ದು 1927ರಲ್ಲಿ. ಅಷ್ಟರೊಳಗೆ ಭಾರತದ ನಾಣ್ಯ ಕುರಿತ ರಾಯಲ್ ಕಮಿಷನ್ ಎದುರು ಸಾಕ್ಷ್ಯವನ್ನೂ ಹೇಳಿದ್ದರು. ಪ್ರಶ್ನೆಯೇ ಅವರನ್ನು ಎಳೆದುಕೊಂಡು ಹೋಗಿತ್ತು. ನಿನ್ನ ಪ್ರಶ್ನೆಗೂ ಅಂಥ ಬಲ ಬಂದು, ನೀನು ಹೋಗಬೇಕೆಂದಿರುವ ಲ್ಯಾಬಿನಲ್ಲಿ ಪಿಎಚ್.ಡಿ. ಹುದ್ದೆ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂತಾದರೆ, ಹೋಗು, ನಾನು ಅಡ್ಡ ಬರುವುದಿಲ್ಲ.

ನಿನ್ನ ಒಳಗಿನ ಕೊರಗು ಬೇರೆಯೇ ಇದೆ, ನನಗೆ ಗೊತ್ತು. ಗೈಡ್ ಅಧ್ಯಾಯಗಳನ್ನು ಓದದೆ ಸಹಿ ಹಾಕಿದರು, ಈ ಡಿಗ್ರಿಗೆ ಹೊರಗೆ ಯಾರು ಬೆಲೆ ಕೊಡುತ್ತಾರೆ ಎಂಬುದು. ಅದಕ್ಕೆ ಮದ್ದು ಹೊಸ ಡಿಗ್ರಿಯಲ್ಲ. ಆ ಥೀಸಿಸ್ಸಿನ ಮೂರನೇ ಮತ್ತು ಐದನೇ ಅಧ್ಯಾಯವನ್ನು ಒಳ್ಳೆಯ ಜರ್ನಲ್ಲುಗಳಿಗೆ ಕಳಿಸು. ಗೈಡ್ ಓದದಿದ್ದರೇನು, ರೆವ್ಯೂವರ್‌ಗಳು ಸಾಲು ಸಾಲು ಓದಿ ಕಾಟ ಕೊಡುತ್ತಾರೆ, ಆ ಕಾಟದಲ್ಲಿ ಕಲಿಯುವುದು ಬೇಕಾದಷ್ಟಿದೆ.

ಕೆಲವರು ಮೊದಲ ಪಿಎಚ್.ಡಿ.ಯನ್ನೇ ಮುಚ್ಚಿಟ್ಟು ಎಂ.ಎಸ್ಸಿ. ತೋರಿಸಿ ಅರ್ಜಿ ಹಾಕುತ್ತಾರೆ. ನೀನು ಆ ಕೆಲಸ ಮಾಡಬೇಡ. ಓದಿದ್ದೆಲ್ಲ ಬರೆಯಿರಿ ಎಂದು ಕೇಳಿದ ಕಡೆ ಅದು ಶುದ್ಧ ಸುಳ್ಳು. ನಿನ್ನ ಥೀಸಿಸ್ ಶೋಧಗಂಗಾ ಜಾಲತಾಣದಲ್ಲಿದ್ದರೆ ಹೆಸರು ಹಾಕಿ ಹುಡುಕಿದವರಿಗೆಲ್ಲ ಸಿಗುತ್ತದೆ.

ಪೋಸ್ಟ್‌ಡಾಕ್ ಎಂದರೆ ಸುಖದ ಸುಪ್ಪತ್ತಿಗೆ ಎಂದೂ ತಿಳಿಯಬೇಡ. ಒಂದೋ ಎರಡೋ ವರ್ಷದ ಕರಾರು, ಮುಗಿಯುವ ಮೊದಲೇ ಮುಂದಿನದಕ್ಕೆ ಹುಡುಕಾಟ. ಜರ್ಮನಿಯಲ್ಲಿ ಜೀವವಿಜ್ಞಾನದ ಪಿಎಚ್.ಡಿ. ಹುದ್ದೆಗೆ ಅನೇಕ ಕಡೆ ಸಂಬಳದ ಅರ್ಧ ಇಲ್ಲವೇ ಮೂರರಲ್ಲಿ ಎರಡು ಪಾಲು ಕೊಡುತ್ತಾರೆ, ಪೋಸ್ಟ್‌ಡಾಕ್‌ಗೆ ಸಾಮಾನ್ಯವಾಗಿ ಪೂರ್ತಿ. ಮನೆ ಸಾಲದ ಕಂತು ತಲೆಯ ಮೇಲಿರುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು, ಯಾರೂ ಮೊದಲೇ ಹೇಳುವುದಿಲ್ಲ. ಉಪ್ಪಾಗೆಯ ಎಲೆ, ಬೀಜವನ್ನು ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊರದೇಶದ ಸಂಸ್ಥೆ ನಮ್ಮ ಸಸ್ಯಗಳ ಮೇಲೆ ಸಂಶೋಧನೆ ಮಾಡಲು ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಸರ್ಕಾರ ಒಪ್ಪಿದ ಜಂಟಿ ಯೋಜನೆಯಾದರೆ ದಾರಿ ಬೇರೆ. ಅರಣ್ಯ ಇಲಾಖೆಯ ಪರವಾನಗಿ ಇದರ ಮೇಲೆ. ಆ ಅರ್ಜಿ ಯಾರು ಹಾಕುತ್ತಾರೆ, ಡಿಎನ್ಎ ಕೆಲಸವನ್ನು ಬೆಂಗಳೂರಿನ ಲ್ಯಾಬಿನಲ್ಲೇ ಮುಗಿಸಲು ಬರುತ್ತದೆಯೇ, ಹೂ ಬಿಡುವ ಹೊತ್ತಿಗೆ ಶಿರಸಿಗೆ ಬಂದುಹೋಗುವ ಖರ್ಚು ಯಾರದು, ಇಷ್ಟನ್ನೂ ಮೊದಲ ಮಾತುಕತೆಯಲ್ಲೇ ಕೇಳು. ತಡವರಿಸಿದರೆ ಎಷ್ಟೇ ದೊಡ್ಡ ಹೆಸರಿನ ಲ್ಯಾಬಾದರೂ ಬಿಟ್ಟು ಬೇರೆ ಕಡೆ ಬರೆ.