ಗೇಜ್ ಯಾವುದು, ಗಾಳಿ ಯಾವ ಊರಿನದು

ಹೊಸ ಗ್ಯಾಸ್ ಸ್ಕಿಡ್‌ಗೆ ಫ್ಲೋ ಕಂಪ್ಯೂಟರ್ ಕೂರಿಸಿದ ದಿನ ಯಾರಾದರೂ ಒಬ್ಬರು ನಿನ್ನ ಕೈಗೆ ಪೆನ್‌ಡ್ರೈವ್ ಕೊಡುತ್ತಾರೆ. "ಮಂಗಳೂರು ಸೈಟಿನ ಫೈಲಮ್ಮ, ಅಲ್ಲಿ ಚೆನ್ನಾಗಿ ಓಡ್ತಾ ಇದೆ, ಅದನ್ನೇ ಹಾಕಿಬಿಡು" ಅನ್ನುತ್ತಾರೆ. ಹಾಕಬೇಡ. ಅಲ್ಲಿ ಅದು ಸರಿಯಾಗಿಯೇ ಇರಬಹುದು. ನೀನಿರುವುದು ಬೆಂಗಳೂರಿನಲ್ಲಿ.

ಮೀಟರಿಗೆ ಗೊತ್ತಿರುವುದು ತನ್ನೊಳಗೆ ಹಾದುಹೋದ ಗಾತ್ರ ಮಾತ್ರ. ಬಿಲ್ಲು ಆಗುವುದು ಸ್ಟ್ಯಾಂಡರ್ಡ್ ಘನ ಮೀಟರಿನಲ್ಲಿ, ಅಂದರೆ ನಮ್ಮಲ್ಲಿ 15 ಡಿಗ್ರಿ, 1.01325 ಬಾರ್. ಮೊದಲು ಆ 15 ಅನ್ನೇ ನೋಡು. ಹೊರದೇಶದ ಯೂನಿಟ್ಟುಗಳಲ್ಲಿ ಅಲ್ಲಿ 0 ಡಿಗ್ರಿ ಕೂತಿರುವುದುಂಟು. ಹಾಗೇ ಬಿಟ್ಟರೆ ಲೆಕ್ಕ ಶೇ. 5ರಷ್ಟು ಕೆಳಗೆ ಹೋಗುತ್ತದೆ.

ಈಗ ಒತ್ತಡ. ಸೂತ್ರಕ್ಕೆ ಬೇಕಾದದ್ದು ಅಬ್ಸಲ್ಯೂಟ್ ಒತ್ತಡ. ನಿನ್ನ ಟ್ರಾನ್ಸ್‌ಮಿಟರ್ ಗೇಜ್ ಮಾದರಿಯದಾದರೆ ಅದರ ಮೇಲೆ ಊರಿನ ಗಾಳಿಯ ಒತ್ತಡವನ್ನು ಕಂಪ್ಯೂಟರ್ ಕೂಡಿಕೊಳ್ಳಬೇಕು, ಆ ಅಂಕಿಯನ್ನು ತುಂಬುವವಳು ನೀನು. ಮಂಗಳೂರಿನಲ್ಲಿ ಅದು ಸುಮಾರು 1.01 ಬಾರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ 0.91ರ ಆಸುಪಾಸು. ಲೈನಿನಲ್ಲಿ 4 ಬಾರ್ ಗೇಜ್ ಇದ್ದರೆ ನಿಜವಾದದ್ದು 4.91, ಮಂಗಳೂರಿನ ಫೈಲು ಹೇಳುವುದು 5.01. ಶೇ. 2ರಷ್ಟು ಹೆಚ್ಚು, ದಿನವೂ, ಗಂಟೆಗಂಟೆಗೂ. ಒತ್ತಡ ಕಡಿಮೆಯಾದಷ್ಟೂ ತಪ್ಪು ದೊಡ್ಡದಾಗುತ್ತದೆ: 0.3 ಬಾರ್ ಲೈನಿನಲ್ಲಿ ಅದೇ ತಪ್ಪು ಶೇ. 8 ದಾಟುತ್ತದೆ. ದೊಡ್ಡ ಒತ್ತಡದಲ್ಲಿ ಕೆಲಸ ಮಾಡಿ ಬಂದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ, ಅವರನ್ನು ಬೈದು ಪ್ರಯೋಜನವೂ ಇಲ್ಲ.

ಇನ್ನೊಂದು ಚೇಷ್ಟೆ ಇದೆ. ಅಬ್ಸಲ್ಯೂಟ್ ಟ್ರಾನ್ಸ್‌ಮಿಟರನ್ನು ಗಾಳಿಗೆ ಬಿಟ್ಟಾಗ ಅದು 0.91 ತೋರಿಸುತ್ತದೆ. ಅದನ್ನು ಕಂಡು "ಝೀರೋ ಕೆಟ್ಟಿದೆ" ಎಂದು ಯಾರೋ ಸೊನ್ನೆಗೆ ಎಳೆದುಬಿಡುತ್ತಾರೆ. ಆಯಿತಲ್ಲ, ಒಳ್ಳೆಯ ಉಪಕರಣ ಹಾಳಾಯಿತು. ನೇಮ್‌ಪ್ಲೇಟ್ ಒರೆಸಿ ಓದದೆ ಸ್ಕ್ರೂಡ್ರೈವರ್ ತೆಗೆಯಬೇಡ.

ತಾಪಮಾನದಲ್ಲಿ ಒಂದು ಡಿಗ್ರಿ ತಪ್ಪಿದರೆ ಲೆಕ್ಕ ತಪ್ಪುವುದು ಸುಮಾರು ಶೇ. 0.33. ಕಡಿಮೆ ಅನ್ನಿಸುತ್ತದೆ. ಆದರೆ ಪಿಟಿ-100ಕ್ಕೆ ಎರಡೇ ತಂತಿ ಎಳೆದಿದ್ದರೆ ಒಂದು ಓಮ್ ತಂತಿಯ ಪ್ರತಿರೋಧವೇ ಎರಡೂವರೆ ಡಿಗ್ರಿಯಾಗಿ ಸೇರಿಕೊಳ್ಳುತ್ತದೆ. ಮೂರು ತಂತಿಗೆ, ಸಾಧ್ಯವಾದರೆ ನಾಲ್ಕಕ್ಕೆ, ಹಟ ಹಿಡಿ. ಥರ್ಮೋವೆಲ್‌ಗೆ ಎಣ್ಣೆ ಹಾಕು. ಕಂಪ್ರೆಸಿಬಿಲಿಟಿಗೆ ಎಜಿಎ-8 ಇರಲಿ, ಎಸ್‌ಜಿಇಆರ್‌ಜಿ ಇರಲಿ, ಒಪ್ಪಂದದಲ್ಲಿ ಯಾವುದು ಬರೆದಿದೆಯೋ ಅದು. 4 ಬಾರಿನಲ್ಲಿ ಅದರ ಪಾಲು ಶೇ. 1ಕ್ಕಿಂತ ಕಡಿಮೆ, 50 ಬಾರಿನ ಲೈನಾದರೆ ಶೇ. 10ರ ಹತ್ತಿರ ಹೋಗುತ್ತದೆ, ಆಗ ಅನಿಲದ ಸಂಯೋಜನೆಯನ್ನೂ ಸರಿಯಾಗಿ ತುಂಬಬೇಕು.

ಎಲ್ಲ ತುಂಬಿದ ಮೇಲೆ ಕಾಗದದ ಮೇಲೆ ಒಮ್ಮೆ ಗುಣಿಸು. 4 ಬಾರ್, 30 ಡಿಗ್ರಿ ಎಂದಿಟ್ಟುಕೊ: 4.91ನ್ನು 1.01325ರಿಂದ ಭಾಗಿಸು, 288.15/303.15ರಿಂದ ಗುಣಿಸು, 4.6ರ ಸುತ್ತ ಬರುತ್ತದೆ. ತೆರೆಯ ಮೇಲಿನ ಫ್ಯಾಕ್ಟರ್ ಅದರಿಂದ ಶೇ. 1 ಆಚೀಚೆ ಇದ್ದರೆ ಮುಂದೆ ಹೋಗು.

ಅನಲಾಗ್ ಔಟ್‌ಪುಟ್ ಎರಡು ತುದಿಯವರ ಒಪ್ಪಂದ. ಸ್ಕಿಡ್ಡಿನಲ್ಲಿ ನೀನು 20 ಮಿಲಿಆಂಪಿಗೆ ಗಂಟೆಗೆ 1200 ಘನ ಮೀಟರ್ ಅಂತ ಇಟ್ಟು, ಪಿಎಲ್‌ಸಿಯವನು 1000 ಅಂತ ಇಟ್ಟರೆ, 12 ಮಿಲಿಆಂಪಿಗೆ ನಿನ್ನಲ್ಲಿ 600, ಅವನಲ್ಲಿ 500. ಇಬ್ಬರೂ ತಮ್ಮ ಪಾಲಿಗೆ ಸರಿ, ಬಾಯ್ಲರಿನವನು ಮಾತ್ರ ಒದ್ದಾಡುತ್ತಾನೆ. ಹೊರಗೆ ಕಳಿಸುತ್ತಿರುವುದು ತಿದ್ದಿದ ಹರಿವೋ ತಿದ್ದದ ಹರಿವೋ ಎಂಬುದನ್ನೂ ಮೆನುವಿನಲ್ಲಿ ಕಣ್ಣಾರೆ ನೋಡು. ಟೆಸ್ಟ್ ಮೋಡಿನಲ್ಲಿ 4, 12, 20 ಕೊಟ್ಟು ಕಂಟ್ರೋಲ್ ರೂಮಿನವರಿಂದ ಬಾಯಿಬಿಟ್ಟು ಓದಿಸು. 12 ಸರಿಯಾಗಿ ಬಂದು 20 ಮಾತ್ರ 18ರಲ್ಲೇ ನಿಂತರೆ ಕಾನ್ಫಿಗರೇಶನ್ ಕೆದಕಬೇಡ. ಬ್ಯಾರಿಯರ್ ದಾಟಿ ಬರುವಷ್ಟರಲ್ಲಿ ಲೂಪಿಗೆ ವೋಲ್ಟೇಜ್ ಸಾಲುತ್ತಿಲ್ಲ.

ಪಲ್ಸ್ ವಿಷಯ ಬಹಳ ಜನ ಮರೆಯುತ್ತಾರೆ. ಒಂದು ಘನ ಮೀಟರಿಗೆ ಒಂದೇ ಪಲ್ಸ್ ಕೊಡುವ ಮೀಟರಿನಲ್ಲಿ ಗಂಟೆಗೆ 60 ಘನ ಮೀಟರ್ ಹರಿದರೆ ನಿಮಿಷಕ್ಕೊಂದು ಪಲ್ಸ್. ಮುಂದಿನದು ಬರುವತನಕ ನಿನ್ನ ಮಿಲಿಆಂಪ್ ಕಲ್ಲಿನಂತೆ ಕೂತಿರುತ್ತದೆ. ಟೋಟಲ್‌ಗೆ ತೊಂದರೆಯಿಲ್ಲ. ಬರ್ನರಿನ ಗಾಳಿ-ಗ್ಯಾಸ್ ಹೊಂದಾಣಿಕೆಯನ್ನು ಅದರ ಮೇಲೆ ನಡೆಸಲಾಗದು. ಟರ್ಬೈನ್ ಮೀಟರಿನಲ್ಲಿ ಎಚ್‌ಎಫ್ ಸೆನ್ಸರ್ ಇದ್ದರೆ ಅದನ್ನು ಬಳಸು. ಪಿಎಲ್‌ಸಿಯಲ್ಲಿ ಮಿಲಿಆಂಪನ್ನು ಕೂಡಿಸಿ ದಿನದ ಲೆಕ್ಕ ತೆಗೆಯಲು ಹೇಳಿದರೆ ಒಪ್ಪಬೇಡ. 1200ರ ರೇಂಜಿನಲ್ಲಿ ಶೇ. 0.1ರ ತಪ್ಪು ಅಂದರೆ 1.2, ಹರಿವು 60 ಇದ್ದಾಗ ಅದೇ ಶೇ. 2. ಟೋಟಲೈಸರನ್ನು ಮಾಡ್‌ಬಸ್ ಮೇಲೆ ಓದಲಿ.

ಇದೆಲ್ಲ ನಮ್ಮದೇ ಚೆಕ್ ಮೀಟರಿನ ಮಾತು. ಗ್ಯಾಸ್ ಕಂಪನಿಯ ಬಿಲ್ಲಿಂಗ್ ಮೀಟರಿನಲ್ಲಿ ಊರಿನ ಗಾಳಿಯ ಒತ್ತಡದ ಜಾಗದಲ್ಲಿ 1.013 ಕಂಡರೂ ಸೀಲು ಮುಟ್ಟಬೇಡ. ಕಾನ್ಫಿಗರೇಶನ್ ಪ್ರಿಂಟ್ ಕೇಳಿ ಪಡೆ, ಟ್ರಾನ್ಸ್‌ಮಿಟರ್ ಮಾದರಿ ಬರೆದುಕೊ, ಲೆಕ್ಕ ಹಾಕಿ ಪತ್ರ ಬರೆಸು. ಅವರ ಎಂಜಿನಿಯರ್ ಬಂದು, ಎರಡೂ ಕಡೆಯವರು ಆವತ್ತಿನ ಓದನ್ನು ಬರೆದು ಸಹಿ ಹಾಕಿದ ಮೇಲೆ ಅವರೇ ತೆಗೆಯಲಿ.