ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಟ್ಟ ಲೋಟ

ಪ್ರಶ್ನೆ: ನನಗೆ 29 ವರ್ಷ. ಹುಟ್ಟಿ ಬೆಳೆದದ್ದು ಸಾಗರ ಪೇಟೆಯಲ್ಲಿ, ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ತೋಟದ ಮನೆಗೆ. ಅತ್ತೆ ಒಳ್ಳೆಯವರು, ನನ್ನ ಬಾಣಂತನವನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಮಾಡಿದರು. ಭೂತದ ಹರಕೆಗೆ ಕೋಳಿ ಕೊಯ್ಯುವಂಥ ಇಲ್ಲಿನ ಕೆಲವು ಪದ್ಧತಿಗಳು ನನಗೆ ಒಗ್ಗಿಲ್ಲವಾದರೂ ಹೊಂದಿಕೊಂಡಿದ್ದೇನೆ. ಸಹಿಸಲಾಗದ್ದು ಒಂದೇ. ಕೆಲಸಕ್ಕೆ ಬರುವ ದಲಿತ ಹೆಂಗಸಿಗೆ ಬೇರೆ ಲೋಟ. ಅದು ಕೊಟ್ಟಿಗೆಯ ಸೂರಿನಲ್ಲಿರುತ್ತದೆ. ಅವರೇ ತೆಗೆದು ತೊಳೆದು ಹಿಡಿಯಬೇಕು, ನಾನು ಮೇಲಿನಿಂದ ಕಾಫಿ ಹೊಯ್ಯಬೇಕು. ಗಂಡನಿಗೆ ಹೇಳಿದರೆ, "ಇದು ಇಲ್ಲಿನ ಪದ್ಧತಿ, ನಿಮ್ಮ ಪೇಟೆಯ ಲೆಕ್ಕ ತರಬೇಡ" ಅನ್ನುತ್ತಾರೆ. ಒಂದು ಸಂಸ್ಕೃತಿಯನ್ನು ಇನ್ನೊಂದರ ಅಳತೆಯಲ್ಲಿ ಅಳೆಯಬಾರದೆಂದು ಪದವಿಯ ಸಮಾಜಶಾಸ್ತ್ರದಲ್ಲಿ ನಾನೂ ಓದಿದ್ದೇನೆ. ಆಕೆಯನ್ನೇ ಕೇಳಿದೆ. "ಇರ್ಲಿ ಬಿಡಿ ಅಮ್ಮಾ, ನಂಗೇನೂ ಬೇಜಾರಿಲ್ಲ" ಅಂದರು. ಮೊನ್ನೆ ನಾಲ್ಕು ವರ್ಷದ ಮಗ ಆ ಲೋಟ ಮುಟ್ಟಲು ಹೋದಾಗ, "ಅದು ಬೇಡ" ಅನ್ನುವ ಮಾತು ನನ್ನ ಬಾಯಿಂದಲೇ ಬಂತು. ಅಂದಿನಿಂದ ನಿದ್ದೆ ಸರಿಯಿಲ್ಲ. ಈ ಮನೆಯ ಪದ್ಧತಿಯನ್ನು ತಪ್ಪು ಎನ್ನುವ ಹಕ್ಕು ನನಗಿದೆಯೇ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿದ್ದೆ ಕೆಟ್ಟಿರುವುದು ಅರ್ಥವಾಗುತ್ತದೆ. ಬೇರೆಯವರು ಮಾಡಿದ್ದನ್ನು ನೋಡಿ ನೋಯುವುದು ಒಂದು ಬಗೆ, ಅದೇ ಮಾತು ನಮ್ಮ ಬಾಯಿಂದ ಬಂದಾಗ ಆಗುವ ಸಂಕಟವೇ ಬೇರೆ. ನೀವು ಕಪಟಿ ಎಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ. ನಿಮಗೆ ಅತ್ತೆಯ ಮೇಲೆ ಪ್ರೀತಿಯಿದೆ, ಆ ಲೋಟವನ್ನು ಕಂಡರೆ ಆಗುವುದಿಲ್ಲ. ಎರಡೂ ನಿಜ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕೊಲ್ಲಬೇಕಿಲ್ಲ. ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳ ಸೊಸೆಯಂದಿರು, ಗಂಡುಮಕ್ಕಳು ಕೂಡ, ಈ ಇಕ್ಕಟ್ಟನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಂಡಿರುತ್ತಾರೆ.

ಕಾಲೇಜಿನಲ್ಲಿ ಕಲಿತದ್ದನ್ನು ಪೂರ್ತಿ ಎಸೆಯಬೇಡಿ. ಆಳುವ ದೇಶಗಳು ಉಳಿದವರ ಬದುಕನ್ನೆಲ್ಲ ಅನಾಗರಿಕ ಎಂದು ಕರೆಯುತ್ತಿದ್ದ ಕಾಲದಲ್ಲಿ ರೂತ್ ಬೆನೆಡಿಕ್ಟ್ ಅವರಂಥ ಮಾನವಶಾಸ್ತ್ರಜ್ಞರು ಅದನ್ನು ಹೇಳಿದರು. ನಿಮ್ಮ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಕೂಡ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದಾಗ ನಡೆದ ಗಲಾಟೆಯ ನಂತರ, ನಮ್ಮಂಥ ಓದಿದವರು ಬೇರೆಯವರ ನಂಬಿಕೆಯ ಮೇಲೆ ಇಷ್ಟು ಸಲೀಸಾಗಿ ತೀರ್ಪು ಕೊಡಬಹುದೇ ಎಂದು ತಮ್ಮನ್ನೇ ಕೇಳಿಕೊಂಡು ಬರೆದರು. ಆ ಸಂಕೋಚ ಒಳ್ಳೆಯದು. ಭೂತದ ಹರಕೆ, ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಚರಗ ಚೆಲ್ಲುವುದು, ಇಂಥವುಗಳ ವಿಷಯದಲ್ಲಿ ನಿಮಗೆ ಒಗ್ಗದಿದ್ದರೂ ಸುಮ್ಮನಿರುವುದೇ ಸರಿ.

ಲೋಟದ ವಿಷಯ ಹಾಗಲ್ಲ. ಇಲ್ಲಿ ಪದ್ಧತಿಯನ್ನು ಪಾಲಿಸುವವರು ಒಬ್ಬರು, ಅದರ ಅವಮಾನ ಉಣ್ಣುವವರು ಇನ್ನೊಬ್ಬರು. ಹಾಗಿರುವಾಗ ಪಾಲಿಸುವವರಿಗೆ ಸರಿ ಕಂಡರೆ ಸಾಲದು.

"ಇಲ್ಲಿನ ಪದ್ಧತಿ" ಎಂಬ ನಿಮ್ಮವರ ಮಾತನ್ನೂ ಸ್ವಲ್ಪ ನೋಡೋಣ. ನಿಮ್ಮ ತವರಿನ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕೇ ಜಗಳ ಎದ್ದಿತು. ದೊಡ್ಡ ಕೊಳಗ ಹಿಂದಿನಿಂದ ಬಂದದ್ದು ಎನ್ನುವುದು ಒಡೆಯರ ಕಡೆಯ ಮಾತು. ತಪ್ಪು ಎಂದವರು ಆ ಕೊಳಗಕ್ಕೆ ಭತ್ತ ಸುರಿಯುತ್ತಿದ್ದ ದೀವರ ಗೇಣಿದಾರರೇ. ಎಚ್. ಗಣಪತಿಯಪ್ಪನವರು ಅವರ ಮುಂದಾಳು, ಸಮಾಜವಾದಿ ನಾಯಕ ಲೋಹಿಯಾ ಬಂದದ್ದು ಆಮೇಲೆ. ಇತ್ತ ಕುಪ್ಪಳಿಯ ಕುವೆಂಪು 1928ರಲ್ಲೇ 'ಜಲಗಾರ' ನಾಟಕದಲ್ಲಿ ಶಿವನನ್ನು ಬೀದಿ ಗುಡಿಸುವವನ ಬಳಿಗೆ ಕರೆತಂದರು. ಇನ್ನೂ ಹಿಂದಕ್ಕೆ ಹೋದರೆ ಬಳ್ಳಿಗಾವಿಯ ವಚನಕಾರ ಅಲ್ಲಮನಿದ್ದಾನೆ. ಇವರಲ್ಲಿ ಯಾರೂ ಪೇಟೆಯ ಲೆಕ್ಕ ತಂದವರಲ್ಲ. ಲೋಟ ಈ ನೆಲದ್ದಾದರೆ ಇಂಥದ್ದನ್ನು ಒಪ್ಪದವರೂ ಈ ನೆಲದವರೇ. ನೀವು ಯಾರ ಕಡೆ ನಿಲ್ಲುತ್ತೀರಿ ಎಂಬುದಷ್ಟೇ ಪ್ರಶ್ನೆ, ಹೊರಗಿನವರೋ ಒಳಗಿನವರೋ ಎಂಬುದಲ್ಲ. ಎಲ್ಲರಿಗೂ ಸಲ್ಲುವ ಮೌಲ್ಯ ಎಂದರೆ ಪಶ್ಚಿಮದ ಸರಕು ಎಂದು ಯಾರಾದರೂ ವಾದಿಸಿದರೆ ಇದನ್ನೂ ಹೇಳಿ: 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿ ಹೆಂಗಸರನ್ನೂ ಒಳಗೊಳ್ಳುವಂತೆ ತಿದ್ದಿಸಿದವರು ಭಾರತದ ಹಂಸಾ ಮೆಹ್ತಾ.

ಇನ್ನು "ಬೇಜಾರಿಲ್ಲ" ಎಂಬ ಉತ್ತರ. ಕೇಳಿದವರು ಯಾರು? ಕೂಲಿ ಕೊಡುವ ಮನೆಯ ಸೊಸೆ. ನಾಳೆಯೂ ಅದೇ ಅಂಗಳಕ್ಕೆ ಕೆಲಸಕ್ಕೆ ಬರಬೇಕಾದವರು ಬೇರೇನು ಹೇಳಿಯಾರು? ಆಕೆ ಸುಳ್ಳು ಹೇಳಿದರು ಎನ್ನುತ್ತಿಲ್ಲ. ಆ ಉತ್ತರದ ಮೇಲೆ ಭಾರ ಹಾಕಿ ನೀವು ನಿಶ್ಚಿಂತರಾಗಲು ಬರುವುದಿಲ್ಲ, ಅಷ್ಟೆ. ಮತ್ತೆ ಮತ್ತೆ ಕೇಳಲೂ ಬೇಡಿ, ಅದೇ ಒಂದು ಹಿಂಸೆ.

ಈಗ ಏನು ಮಾಡಬಹುದು? ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಅತ್ತೆ ಇಲ್ಲದಾಗ ಗುಟ್ಟಾಗಿ ಮನೆಯ ಲೋಟದಲ್ಲಿ ಕೊಡಬೇಡಿ. ಗೊತ್ತಾದ ದಿನ ನಿಮಗೆ ಬೈಗುಳ, ಆಕೆಗೆ ಕೆಲಸಕ್ಕೇ ಕುತ್ತು. ಆಕೆಯ ಎದುರು ಈ ಮಾತು ತೆಗೆದು ಜಗಳವಾಡುವುದೂ ಬೇಡ.

ಅತ್ತೆಯ ಹತ್ತಿರ ಒಬ್ಬರೇ ಇರುವಾಗ ಕೂತು ಮಾತಾಡಿ. "ನೀವು ಮಾಡ್ತಿರೋದು ತಪ್ಪು" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಅತ್ತೆ, ಮೇಲಿಂದ ಕಾಫಿ ಹೊಯ್ಯೋಕೆ ನಂಗೆ ಕೈಯೇ ಬರ್ತಿಲ್ಲ" ಎಂದು ನಿಮ್ಮ ಸಂಕಟವನ್ನೇ ಹೇಳಿ. ನಿಮ್ಮ ಬಾಣಂತನ ಮಾಡಿದ ಜೀವ ಅದನ್ನು ಕೇಳಿಸಿಕೊಳ್ಳುತ್ತದೆ ಎಂದೇ ನನ್ನ ನಂಬಿಕೆ. ನೆಂಟರು ಆಡಿಕೊಂಡಾರು, ಭೂತ ಮುನಿದೀತು ಎಂಬ ಭಯ ಅವರಿಗಿರಬಹುದು. ನಗಬೇಡಿ, ಪೂರ್ತಿ ಕೇಳಿ. ಆಮೇಲೆ ಒಂದನ್ನು ನೆನಪಿಸಿ. ಕೊಯ್ಲಿನ ಕಾಲದಲ್ಲಿ ಆ ಹೆಂಗಸು ಅಡಿಕೆ ರಾಶಿಯ ಮುಂದೆ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಆಕೆ ಸುಲಿದ ಕಾಯಿ ಮನೆಯ ಹಂಡೆಯಲ್ಲೇ ಬೇಯುತ್ತದೆ, ಚಪ್ಪರದ ಮೇಲೆ ಉಳಿದದ್ದರ ಜೊತೆಗೇ ಒಣಗುತ್ತದೆ, ಕೊನೆಗೆ ದೇವರ ಮುಂದಿನ ತಾಂಬೂಲಕ್ಕೂ ಅದೇ. ಅಡಿಕೆಗಿಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು?

ಕೇಳಬೇಕಾದ್ದು ಇಷ್ಟೇ: ಮನೆಗೆ ಯಾರೇ ಬಂದರೂ ಒಂದೇ ಬಗೆಯ ಸ್ಟೀಲ್ ಲೋಟ, ತೊಳೆಯುವುದು ನಿಮ್ಮ ಕೆಲಸ. ಕಾಗದದ ಲೋಟ ತಂದು ಜಗಳ ತಪ್ಪಿಸಿಕೊಳ್ಳೋಣ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಮನೆಯವರು ಸ್ಟೀಲಿನಲ್ಲಿ ಕುಡಿದು ಆಕೆಗೆ ಮಾತ್ರ ಕಾಗದದ್ದು ಕೊಟ್ಟರೆ ಅದು ಹಳೆಯ ಲೋಟವೇ.

ಗಂಡನ ಜೊತೆ ಸಂಸ್ಕೃತಿಯ ಚರ್ಚೆ ಬೇಡ, ಸಹಾಯ ಕೇಳಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿದ್ದರೂ ನಿಷೇಧಿಸಿದೆ, 1955ರ ಕಾಯ್ದೆಯಲ್ಲಿ ಅದಕ್ಕೆ ಶಿಕ್ಷೆಯೂ ಇದೆ ಎಂಬುದು ಅವರಿಗೆ ತಿಳಿದಿರಲಿ. ಹೆದರಿಸಲಿಕ್ಕಲ್ಲ. ಮನೆಯ ಯಜಮಾನನಾಗುವವನಿಗೆ ಇದು ಗೊತ್ತಿರಬೇಕು.

ಮಗನಿಗೆ, "ಅವತ್ತು ಬೇಡ ಅಂದೆನಲ್ಲ, ಅಮ್ಮ ತಪ್ಪು ಹೇಳಿದ್ದು" ಎಂದರೆ ಸಾಕು. ಆ ವಯಸ್ಸಿನ ಮಕ್ಕಳು ಉದ್ದುದ್ದ ವಿವರಣೆ ಕೇಳುವುದಿಲ್ಲ. ತೋಟದ ಮನೆಗಳಲ್ಲಿ ಮೀಸೆ ಚಿಗುರದ ಹುಡುಗರು ಅಜ್ಜಿಯ ವಯಸ್ಸಿನ ಆಳನ್ನು "ಬಾರೇ, ಹೋಗೇ" ಎನ್ನುವುದುಂಟು. ನಿಮ್ಮ ಮಗ ಆಕೆಯನ್ನು ಅಕ್ಕ ಎಂದೋ ಅಜ್ಜಿ ಎಂದೋ ಕರೆಯಲಿ, ಅದನ್ನು ಈಗಿನಿಂದಲೇ ರೂಢಿ ಮಾಡಿಸಿ.

ಒಂದೇ ಸಲಕ್ಕೆ ಆಗದಿರಬಹುದು, ತಿಂಗಳುಗಳೇ ಹಿಡಿಯಬಹುದು. ಆದರೆ ಮಾತಾಡಿದ್ದಕ್ಕೆ ನಿಮ್ಮ ಮೇಲೆ ಕೈಮಾಡುವ, ಮನೆಯಿಂದ ಹೊರಹಾಕುವ ಮಾತು ಬಂದರೆ ಮಹಿಳಾ ಸಹಾಯವಾಣಿ 181ಕ್ಕೆ, ಉಚಿತ ಕಾನೂನು ಸಲಹೆಗೆ 15100ಕ್ಕೆ ಕರೆ ಮಾಡಿ. ಆ ಹೆಂಗಸಿಗೆ ಬೆದರಿಕೆಯೋ ಅವಮಾನವೋ ಆದರೆ ದೌರ್ಜನ್ಯ ತಡೆ ಸಹಾಯವಾಣಿ 14566 ಇದೆ. ದೂರು ಕೊಡುವುದೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ, ನೀವು ಜೊತೆಗಿರಿ. ನಿದ್ದೆ ಇನ್ನೂ ಎರಡು ವಾರ ಹೀಗೇ ಕೆಟ್ಟರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ: ಹೌದು, ಹಕ್ಕಿದೆ. ನೀವೂ ಆ ಮನೆಯವರೇ. ಈ ಸಲದ ಕೊಯ್ಲು ಶುರುವಾಗುವ ಮೊದಲೇ ಅತ್ತೆಯ ಜೊತೆ ಕೂತು ಮಾತಾಡಿ, ಏನಾಯಿತೆಂದು ನಮಗೂ ಬರೆಯಿರಿ.